ಬೇಗಂ ಬಜಾರಿನಲ್ಲಿ ಕೊಂಡ ಬಿದ್ರಿ ಡಬ್ಬಿ

ಪ್ರವಾಸ ಎಲ್ಲಿಂದಲೇ ಶುರುವಾಗಲಿ, ನಮ್ಮ ಮನೆಯವರ ಮಟ್ಟಿಗೆ ಅದು ಮುಗಿಯುವುದು ಅಂಗಡಿಯಲ್ಲಿ. ವಿಜಯಪುರ, ಕಲಬುರಗಿ, ಬಸವಕಲ್ಯಾಣ, ಬೀದರ್ ಎಂದು ಕೋಟೆ, ಗುಮ್ಮಟ, ದರ್ಗಾ, ಗುಡಿ ಸುತ್ತಿ ಹೈದರಾಬಾದ್ ಮುಟ್ಟಿದ್ದೆವು. ಧಾರವಾಡಕ್ಕೆ ಹಿಂತಿರುಗುವ ಹಿಂದಿನ ದಿನ ಅಕ್ಕನಿಗೆ ಊರಿನವರ ಮುಖಗಳೆಲ್ಲ ಒಂದೊಂದಾಗಿ ನೆನಪಾಗತೊಡಗಿದವು. ಹೋಟೆಲಿನ ಬಿಲ್ಲಿನ ಹಿಂಬದಿಗೆ ಹೆಸರು ಬರೆದುಕೊಂಡಳು: ಎದುರು ಮನೆಯವರು, ಬ್ಯಾಂಕಿನ ಗೆಳತಿ, ಬೀಗರು, ನಾವಿಲ್ಲದಾಗ ಗಿಡಕ್ಕೆ ನೀರು ಹಾಕಿದ ಹುಡುಗಿ. ಒಟ್ಟು ಹನ್ನೊಂದು ಹೆಸರು.

“ಹೈದರಾಬಾದಿಗೆ ಬಂದು ಬರೇ ಬಿಸ್ಕೀಟ ತಗೊಂಡ ಹೋದ್ರ ಜನ ಏನಂದಾರು?” ಎಂದಳು.

ಹಾಗಾಗಿ ಬೇಗಂ ಬಜಾರ್. ಬೆಳಿಗ್ಗೆ ಸಾಲಾರ್ ಜಂಗ್ ಮ್ಯೂಸಿಯಂ ನೋಡಿಕೊಂಡು, ಮೂಸಿ ನದಿಯ ಮೇಲಿನ ನಯಾಪುಲ್ ದಾಟಿ, ಅಫ್ಜಲ್‌ಗಂಜ್ ಬದಿಯಿಂದ ಒಳಹೊಕ್ಕೆವು. ಹಿತ್ತಾಳೆಯ ಹಂಡೆ, ತಾಮ್ರದ ಬಿಂದಿಗೆ, ಸ್ಟೀಲಿನ ಪಾತ್ರೆಗಳ ಗೋಪುರ, ಗೋಡಂಬಿ ಪಿಸ್ತಾಗಳ ಮೂಟೆ, ಮದುವೆಯ ಹಾರ, ಪ್ಲಾಸ್ಟಿಕ್ ಹೂವು. ತಳ್ಳುಗಾಡಿಯವರು ಕೂಗುತ್ತಲೇ ದಾರಿ ಮಾಡಿಕೊಳ್ಳುವ ಓಣಿಗಳು. ಡಜನ್ನಿನ ಲೆಕ್ಕದ, ಕಿಲೋ ಲೆಕ್ಕದ ಸಗಟು ಮಾರುಕಟ್ಟೆ ಇದು. ನಮ್ಮಂಥ ಬಿಡಿ ಗಿರಾಕಿಗಳನ್ನೂ ಬೇಡ ಎನ್ನುವುದಿಲ್ಲ, ಅಷ್ಟೇ.

ಪಾತ್ರೆ ಅಂಗಡಿಗಳ ನಡುವೆ ಇಬ್ಬರು ನಿಂತರೆ ಮೂರನೆಯವರು ಹೊರಗುಳಿಯಬೇಕಾದ ಒಂದು ಪುಟ್ಟ ಅಂಗಡಿ. ಗಾಜಿನ ಕಪಾಟಿನಲ್ಲಿ ಚಾರ್‌ಮಿನಾರ್‌ನ ಚಿಕ್ಕ ಮಾದರಿಗಳು, ಮುತ್ತಿನಂಥ ಸರಗಳು, ಕೀಲಿ ಗೊಂಚಲುಗಳು. ಅವುಗಳ ಹಿಂದೆ ಕಪ್ಪಗೆ ಮಿನುಗುವ ಡಬ್ಬಿಗಳು, ಹೂಕುಂಡಗಳು, ಒಂದು ಆನೆ. ವಯಸ್ಸಾದ ಅಂಗಡಿಕಾರರು ಡಬ್ಬಿಯೊಂದನ್ನು ಅಕ್ಕನ ಕೈಗಿಟ್ಟು, “ಲೇ ಲೋ ಬೆಹೆನ್‌ಜಿ, ಅಸಲಿ ಹೈದರಾಬಾದಿ ಬಿದ್ರಿ” ಎಂದರು.

ಕಾರು ಓಡಿಸಿಕೊಂಡು ಬಂದಿದ್ದ ಅಕ್ಕನ ಮಗ ನನ್ನ ಕಡೆ ತಿರುಗಿದ. “ಮಾಮಾ, ಇದನ್ನ ನಿನ್ನೆ ಬೀದರದಾಗ ನೋಡೇವಲ್ಲ? ಅಲ್ಲೇ ಯಾಕ ತಗೊಳ್ಳಿಲ್ಲ?”

ಉತ್ತರ ನನಗೆ ಗೊತ್ತಿತ್ತು, ಹೇಳಲು ಮುಜುಗರವಾಯಿತು. ಬೀದರ್‌ನ ಚೌಬಾರಾದ ಹತ್ತಿರದ ಗಲ್ಲಿಯಲ್ಲಿ, ಕಾರಿಗರರ ಎದುರೇ ನಿಂತು, “ಹೆಂಗೂ ನಾಳೆ ಹೈದರಾಬಾದಿಗೆ ಹೋಗ್ತೀವಲ್ಲ, ಅಲ್ಲಿ ಇನ್ನೂ ಬೇರೆ ಬೇರೆ ನಮೂನಿ ಸಿಗ್ತಾವ” ಎಂದು ಪಿಸುಗುಟ್ಟಿದವನು ನಾನೇ. ವಸ್ತು ಹುಟ್ಟಿದ ಊರಿನಲ್ಲಿ ಕೈ ಬೀಸಿಕೊಂಡು ಬಂದು, ಅದು ಮಾರಾಟವಾಗುವ ಊರಿನಲ್ಲಿ ಕೈಚೀಲ ತೆರೆದಿದ್ದೆವು. ನಮಗಿಂತ ಮೊದಲು ಎಷ್ಟೋ ತಲೆಮಾರಿನ ಗಿರಾಕಿಗಳು ಇದನ್ನೇ ಮಾಡಿದ್ದಾರೆ. ಬಿದ್ರಿಯ ಚರಿತ್ರೆಯ ಅರ್ಧ ಭಾಗ ಬೀದರ್ ಕೋಟೆಯೊಳಗಿದ್ದರೆ, ಉಳಿದರ್ಧ ಈ ನೂರ ನಲವತ್ತು ಕಿಲೋಮೀಟರ್ ರಸ್ತೆಯಲ್ಲಿದೆ.

ಬೇಗಮ್ಮಳ ಬಜಾರು

ಮೊದಲು ರಸ್ತೆಯ ಈ ತುದಿ. 1591ರಲ್ಲಿ ಕುತುಬ್‌ಶಾಹಿಗಳು ಕಟ್ಟಿದ ಹೈದರಾಬಾದ್ ಮೂಸಿಯ ದಕ್ಷಿಣ ದಂಡೆಯ ಊರು. ನದಿಯ ಉತ್ತರಕ್ಕೆ ಊರು ಹಬ್ಬಿದ್ದು ಬಹುಮಟ್ಟಿಗೆ ಅಸಫ್‌ಜಾಹಿಗಳ ಕಾಲದಲ್ಲಿ. ಎರಡನೇ ಅಸಫ್‌ಜಾ ನಿಜಾಂ ಅಲಿ ಖಾನ್ 1762ರಿಂದ 1803ರವರೆಗೆ ಆಳಿದ. ಔರಂಗಾಬಾದಿನಲ್ಲಿದ್ದ ರಾಜಧಾನಿ ಹೈದರಾಬಾದಿಗೆ ಬಂದು ನೆಲೆಸಿದ್ದು ಅವನ ಆಳ್ವಿಕೆಯಲ್ಲಿ. ಅವನ ಪತ್ನಿ ಹುಮ್ದಾ ಬೇಗಂ ನದಿಯಾಚೆಯ ಈ ಜಾಗವನ್ನು ವರ್ತಕರಿಗೆ ಕೊಟ್ಟಳು, ಅದರಿಂದಲೇ ಬೇಗಂ ಬಜಾರ್ ಎಂಬ ಹೆಸರು ಎನ್ನುತ್ತಾರೆ.

ರಾಜಧಾನಿ ಬಂದಲ್ಲಿಗೆ ಸೈನ್ಯ ಬರುತ್ತದೆ, ಸೈನ್ಯದ ಹಿಂದೆ ಸಂಬಳದ ಚಿಂತೆ, ಅದರ ಹಿಂದೆ ಸಾಲ ಕೊಡುವವರು. ಗೋಲ್ಕೊಂಡದ ದಾರಿಯಲ್ಲಿದ್ದ ಕಾರವಾನ್ ಹಳೆಯ ಕಾಲದ ಸಾಹುಕಾರರ ಜಾಗವಾಗಿತ್ತು. ಅದರ ಜೊತೆಗೆ ಬೇಗಂ ಬಜಾರೂ ಸಾಹುಕಾರರ ಕೇರಿಯಾಯಿತು. ಮಾರವಾಡಿಗಳು, ಗುಜರಾತಿಗಳು, ಮಠ ಕಟ್ಟಿಕೊಂಡು ಲೇವಾದೇವಿಯನ್ನೂ ನಡೆಸುತ್ತಿದ್ದ ಗೋಸಾಯಿಗಳು ಇಲ್ಲಿ ಕೋಠಿಗಳನ್ನು ತೆರೆದರು. ಅವರು ಬರೆದುಕೊಟ್ಟ ಹುಂಡಿಗಳು ದೂರದ ಊರುಗಳಲ್ಲಿ ಹಣವಾಗುತ್ತಿದ್ದವು. 19ನೇ ಶತಮಾನದ ಮೊದಲರ್ಧದ ನಿಜಾಂ ಸರ್ಕಾರ ಸಾಹುಕಾರರ ಸಾಲದ ಮೇಲೆ ಎಷ್ಟು ಅವಲಂಬಿಸಿತ್ತೆಂದರೆ, ತಾಲ್ಲೂಕುಗಳ ಕಂದಾಯವನ್ನೇ ಅವರಿಗೆ ಅಡವಿಡುವುದು ರೂಢಿಯಾಗಿತ್ತು. 1853ರಲ್ಲಿ ದಿವಾನನಾದ ಮೊದಲನೇ ಸಾಲಾರ್ ಜಂಗ್ ಆಡಳಿತವನ್ನು ಸರಿಪಡಿಸಲು ಹೊರಟಾಗ ಬಿಡಿಸಬೇಕಾಗಿದ್ದ ಗಂಟುಗಳಲ್ಲಿ ಇದೂ ಒಂದು.

ಈ ಮಾರುಕಟ್ಟೆಯ ಪಕ್ಕದ ನದಿಗೂ ಒಬ್ಬ ಕನ್ನಡಿಗರಿಗೂ ನಂಟಿದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಎರಡೂ ದಂಡೆಯ ಮೊಹಲ್ಲಾಗಳನ್ನು ಕೊಚ್ಚಿಕೊಂಡು ಹೋಯಿತು. ಸತ್ತವರು ಸುಮಾರು 15 ಸಾವಿರ ಎಂಬ ಲೆಕ್ಕವಿದೆ. ಮರುವರ್ಷ ನಿಜಾಂ ಸರ್ಕಾರ ಸಲಹೆಗೆ ಕರೆಸಿದ್ದು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಊರಿನ ಮೇಲ್ಭಾಗದಲ್ಲಿ ಜಲಾಶಯ ಕಟ್ಟಿ ಪ್ರವಾಹವನ್ನು ಹಿಡಿದಿಡಬೇಕೆಂಬುದು ಅವರ ಯೋಜನೆಯ ತಿರುಳು. ಉಸ್ಮಾನ್ ಸಾಗರ್, ಹಿಮಾಯತ್ ಸಾಗರ್ ಎರಡೂ ಆ ಚಿಂತನೆಯ ಫಲ. ಇಂದು ನಯಾಪುಲ್ ಮೇಲೆ ನಿಂತು ತೆಳ್ಳಗೆ ಹರಿಯುವ ಮೂಸಿಯನ್ನು ನೋಡಿದರೆ ಆ ಸೆಪ್ಟೆಂಬರ್ ಕಣ್ಣಿಗೆ ಕಟ್ಟುವುದೇ ಕಷ್ಟ.

ಇನ್ನೊಂದು ನಂಟು ನೇರವಾಗಿ ಬೀದರ್‌ನದು. ನಿಜಾಂ ಅಲಿ ಖಾನ್ ಪಟ್ಟಕ್ಕೆ ಬಂದದ್ದು ತನ್ನ ಅಣ್ಣ ಸಲಾಬತ್ ಜಂಗನನ್ನು ಇಳಿಸಿ. ಇಳಿಸಿದ ಅಣ್ಣನನ್ನು ಅವನು ಸೆರೆಯಿಟ್ಟದ್ದು ಬೀದರ್ ಕೋಟೆಯಲ್ಲಿ. ಸಲಾಬತ್ ಜಂಗ್ 1763ರಲ್ಲಿ ಅಲ್ಲೇ ಸತ್ತ. ಬಹಮನಿಗಳ ಕಾಲದಲ್ಲಿ ದಖನ್ನಿನ ರಾಜಧಾನಿಯಾಗಿದ್ದ ಬೀದರ್ ಅಷ್ಟು ಹೊತ್ತಿಗೆ ಹೈದರಾಬಾದಿನ ಸೆರೆಮನೆಯಾಗುವಷ್ಟು ಹಿಂದೆ ಸರಿದಿತ್ತು. ಅಧಿಕಾರ ಅಲ್ಲಿಂದ ಇಲ್ಲಿಗೆ ಬಂದಿತ್ತು, ಕೊಳ್ಳುವ ಕೈಗಳೂ ಇಲ್ಲಿಗೇ ಬಂದಿದ್ದವು. ಕೆಲಸ ಬಲ್ಲ ಕೈಗಳಲ್ಲಿ ಬಹುಪಾಲು ಮಾತ್ರ ಬೀದರ್‌ನಲ್ಲೇ ಉಳಿದವು.

ಕಪ್ಪು ಬರುವ ಬಗೆ

ಈಗ ರಸ್ತೆಯ ಆ ತುದಿ. ಬಹಮನಿ ಸುಲ್ತಾನ ಅಹ್ಮದ್ ಶಾ ಸುಮಾರು 1430ರ ಹೊತ್ತಿಗೆ ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ತಂದ. ಇರಾನಿನಿಂದ ಬಂದ ಅಬ್ದುಲ್ಲಾ ಬಿನ್ ಕೈಸರ್ ಎಂಬ ಕುಶಲಕರ್ಮಿ ಈ ವಿದ್ಯೆಯನ್ನು ಬೀದರ್‌ನಲ್ಲಿ ಕಲಿಸಿದ ಎಂಬ ಕಥೆ ಕಾರಿಗರರ ಮನೆಗಳಲ್ಲಿ ತಲೆಮಾರುಗಳಿಂದ ಬಂದಿದೆ. ನಿನ್ನೆಯೂ ಕೇಳಿದೆವು. ಆದರೆ ಜಗತ್ತಿನ ಸಂಗ್ರಹಾಲಯಗಳಲ್ಲಿ ಇಂದು ಕಾಣಸಿಗುವ ಹಳೆಯ ಬಿದ್ರಿ ವಸ್ತುಗಳು 17ನೇ ಶತಮಾನದವು. ಕಥೆಗೂ ವಸ್ತುವಿಗೂ ನಡುವೆ ಸುಮಾರು ಇನ್ನೂರು ವರ್ಷಗಳ ಅಂತರವಿದೆ.

ಆ ಅಂತರದಲ್ಲಿ ಬೀದರ್‌ನವರ ಕಣ್ಣು ಎಂಥದಕ್ಕೆ ಒಗ್ಗಿತ್ತು ಎಂಬುದನ್ನು ಕೋಟೆಯೊಳಗಿನ ರಂಗೀನ್ ಮಹಲ್ ತೋರಿಸುತ್ತದೆ. 1542ರಿಂದ 1580ರವರೆಗೆ ಆಳಿದ ಅಲಿ ಬರೀದ್ ಶಾ ಅದನ್ನು ಹೊಸದಾಗಿ ಕಟ್ಟಿಸಿದ. ಅಲ್ಲಿ ನುಣುಪಾದ ಕಪ್ಪು ಕಲ್ಲಿನೊಳಗೆ ಮುತ್ತಿನ ಚಿಪ್ಪನ್ನು ಕೂರಿಸಿ ಬಳ್ಳಿ, ಅಕ್ಷರ ಬಿಡಿಸಿದ್ದಾರೆ. ಕಪ್ಪಿನ ನಡುವೆ ಬಿಳಿಯ ಮಿಂಚು. ಅದನ್ನು ನೋಡಿ ಹೊರಬಂದು ಬಿದ್ರಿ ಹೂಜಿಯೊಂದನ್ನು ನೋಡಿದರೆ, ಕಲ್ಲು ಲೋಹವಾಯಿತು, ಚಿಪ್ಪು ಬೆಳ್ಳಿಯಾಯಿತು, ನೋಟ ಮಾತ್ರ ಅದೇ ಅನ್ನಿಸುತ್ತದೆ.

ಬಿದ್ರಿಯ ಒಡಲು ಬೆಳ್ಳಿಯಲ್ಲ, ಕಬ್ಬಿಣವೂ ಅಲ್ಲ, ಸತು. ರೂಢಿಯ ಲೆಕ್ಕದಲ್ಲಿ 16 ಪಾಲು ಸತುವಿಗೆ ಒಂದು ಪಾಲು ತಾಮ್ರ. ಸತು ಸುಲಭಕ್ಕೆ ಒಲಿಯುವ ಲೋಹವಲ್ಲ. ಅದಿರನ್ನು ಕಾಯಿಸಿದರೆ ಕರಗಿ ತಳಕ್ಕಿಳಿಯುವ ಬದಲು ಆವಿಯಾಗಿ ಹಾರಿಹೋಗುತ್ತದೆ. ಆ ಆವಿಯನ್ನು ಹಿಡಿದು ತಂಪಾಗಿಸುವ ವಿದ್ಯೆ ರಾಜಸ್ಥಾನದ ಜಾವರ್‌ನಲ್ಲಿ ಎಷ್ಟೋ ಶತಮಾನಗಳಿಂದ ದೊಡ್ಡ ಪ್ರಮಾಣದಲ್ಲಿ ನಡೆದಿತ್ತು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ವಿಲಿಯಂ ಚಾಂಪಿಯನ್ ಇದಕ್ಕೆ ಪೇಟೆಂಟ್ ಪಡೆದದ್ದು 1738ರಲ್ಲಿ. ಬಿದ್ರಿ ಕಾರಿಗರ ಸತುವನ್ನು ಹೂಜಿ, ಹುಕ್ಕಾಗಳಿಗೆ ಒಗ್ಗಿಸಿಕೊಂಡಾಗ ಯೂರೋಪಿನಲ್ಲಿ ಅದು ಹೊರಗಿನಿಂದ ತರಿಸಬೇಕಾದ ಅಪರೂಪದ ಲೋಹವಾಗಿತ್ತು.

ಗಲ್ಲಿಯ ಆ ಕಾರಖಾನೆಯಲ್ಲಿ ನಾವು ಒಂದು ಗಂಟೆಯಲ್ಲಿ ನೋಡಿದ್ದು ನಿಜದಲ್ಲಿ ಹಲವು ದಿನಗಳ ಕೆಲಸ. ಹರಳೆಣ್ಣೆ, ರಾಳ ಬೆರೆಸಿದ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಎರಕದ ಒರಟು ಮೈಯನ್ನು ಅರದಿಂದ ಉಜ್ಜಿ ನುಣುಪು ಮಾಡುತ್ತಾರೆ. ಮೈಲುತುತ್ತದ ನೀರು ಸವರಿದರೆ ಬೂದು ಬಣ್ಣದ ಲೋಹ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಚೂಪಾದ ಸಲಾಕೆಯಿಂದ, ಅಳತೆಪಟ್ಟಿಯಿಲ್ಲದೆ, ಹೂಬಳ್ಳಿ ಬಿಡಿಸುತ್ತಾರೆ. ಇನ್ನೊಬ್ಬರು ಸಣ್ಣ ಉಳಿಗಳಿಂದ ಆ ಗೆರೆಗಳನ್ನು ಕೊರೆಯುತ್ತಾರೆ. ಕೊರೆದ ಗೀರಿನಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೂರಿಸುತ್ತಾರೆ. ತಂತಿಯ ಕೆಲಸಕ್ಕೆ ತಾರ್‌ಕಶಿ, ತಗಡಿನ ಕೆಲಸಕ್ಕೆ ತೆಹ್‌ನಿಶಾನ್, ಉಬ್ಬಿ ನಿಲ್ಲುವ ಕೆಲಸಕ್ಕೆ ಜರ್‌ನಿಶಾನ್, ಹಿನ್ನೆಲೆಯೇ ಬೆಳ್ಳಿಯಾಗಿ ಹೂವು ಕಪ್ಪಾಗಿ ಕಾಣುವ ಕೆಲಸಕ್ಕೆ ಆಫ್ತಾಬಿ ಎಂದು ಹೆಸರು. ಆಮೇಲೆ ಮತ್ತೆ ಉಜ್ಜಿದಾಗ ಮೈಲುತುತ್ತದ ಕಪ್ಪು ಹೋಗಿ, ಬಿಳಿಯ ಬೆಳ್ಳಿ ಬೂದು ಸತುವಿನೊಳಗೆ ಕಂಡೂ ಕಾಣದಂತೆ ಅಡಗಿಬಿಡುತ್ತದೆ.

ಕೊನೆಯ ಹಂತಕ್ಕೆ ಬೇಕಾದದ್ದು ಮಣ್ಣು. ಕೋಟೆಯ ಹಳೆಯ ಕಟ್ಟಡಗಳೊಳಗೆ, ಬಿಸಿಲು ಮಳೆ ತಾಗದೆ ಉಳಿದ ಜಾಗದ ಮಣ್ಣು. ಅನುಭವಿ ಕಾರಿಗರರು ನಾಲಿಗೆಯ ತುದಿಗೆ ಇಟ್ಟು ಅದನ್ನು ಆರಿಸುತ್ತಾರೆ. ಅದಕ್ಕೆ ನವಸಾಗರ ಬೆರೆಸಿ ನೀರಿನಲ್ಲಿ ಕುದಿಸಿ, ಬೆಚ್ಚಗೆ ಮಾಡಿದ ವಸ್ತುವನ್ನು ಅದರಲ್ಲಿ ತಿಕ್ಕುತ್ತಾರೆ. ನೋಡನೋಡುತ್ತಿದ್ದಂತೆ ಒಡಲು ಕಾಡಿಗೆಗಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಅಕ್ಕನ ಮಗ ಮೊಬೈಲ್ ಕೆಳಗಿಟ್ಟು ಕಣ್ಣರಳಿಸಿ ನೋಡಿದ್ದು ಆ ಐದು ನಿಮಿಷ ಮಾತ್ರ.

ಇದರಲ್ಲಿ ಮಂತ್ರವಿಲ್ಲ. ಹಳೆಯ ಕಟ್ಟಡಗಳೊಳಗಿನ ಮಣ್ಣಿನಲ್ಲಿ ಪೆಟ್ಲುಪ್ಪಿನಂಥ ನೈಟ್ರೇಟ್ ಲವಣಗಳು ಸೇರಿರುತ್ತವೆ. ಅವು ನವಸಾಗರದೊಂದಿಗೆ ಸೇರಿ ಮೇಲ್ಮೈಯ ಸತುವನ್ನು ಕರಗಿಸುತ್ತವೆ, ಒಳಗಿನ ಅಲ್ಪ ತಾಮ್ರ ಕಪ್ಪು ಪದರವಾಗಿ ಮೇಲೆ ನಿಲ್ಲುತ್ತದೆ. ತಾಮ್ರವಿಲ್ಲದ ಬರೀ ಸತುವಾಗಿದ್ದರೆ ಆ ಕಪ್ಪು ಬರುವುದಿಲ್ಲ. ಮಣ್ಣಿನಷ್ಟೇ ಮಹತ್ವ ಆ ಹದಿನೇಳನೇ ಪಾಲಿಗೂ ಇದೆ.

ಹುಕ್ಕಾದಿಂದ ಕೀಲಿ ಗೊಂಚಲಿನವರೆಗೆ

ಅಂಗಡಿಗೆ ಬರುವ ಮೊದಲು ನೋಡಿದ ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ಬಿದ್ರಿಗೆಂದೇ ಒಂದು ವಿಭಾಗವಿದೆ. 1951ರಲ್ಲಿ ತೆರೆದ ಈ ಮ್ಯೂಸಿಯಂ ನಿಜಾಂನ ದಿವಾನರಾಗಿದ್ದ ಮನೆತನವೊಂದರ ಸಂಗ್ರಹ. ಅಲ್ಲಿನ ಬಿದ್ರಿ ವಸ್ತುಗಳೆದುರು ನಿಂತಾಗ ನನಗೆ ಹೊಳೆದದ್ದು, ಇವುಗಳಲ್ಲಿ ಯಾವುದನ್ನೂ ನೆನಪಿಗೆಂದು ಮಾಡಿದ್ದಲ್ಲ ಎಂಬುದು. ಹುಕ್ಕಾದ ಬುಡ, ಪಾನ್‌ದಾನ್, ಕೈತೊಳೆಯುವ ತಂಬಿಗೆ ಮತ್ತು ತಟ್ಟೆ, ಸುರಾಹಿ, ತಾಂಬೂಲದ ತಬಕು. ಎಲ್ಲವೂ ದಿನದ ಬಳಕೆಯವು. ಹುಕ್ಕಾ ಬುಡಗಳ ಆಕಾರ ನೋಡಿಯೇ ಕಾಲ ಹೇಳಬಹುದು: 17ನೇ ಶತಮಾನದವು ಚೆಂಡಿನಂತೆ ದುಂಡಗೆ, 18ನೇ ಶತಮಾನ ಮುಂದುವರಿದಂತೆ ಘಂಟೆಯಂತೆ ಅಗಲ ತಳದವು. ದುಂಡು ಬುಡ ನಿಲ್ಲಲು ಕೆಳಗೆ ಸಿಂಬೆ ಬೇಕಿತ್ತು, ಘಂಟೆ ಬುಡ ತಾನೇ ನಿಲ್ಲುತ್ತದೆ. ಸೇದುವವರು ಇದ್ದುದರಿಂದಲೇ ಆಕಾರ ಬದಲಾಯಿತು.

ಹೊಗೆಸೊಪ್ಪು ದಖನ್ನಿಗೆ ಬಂದದ್ದು 16ನೇ ಶತಮಾನದ ಕೊನೆಯ ಹೊತ್ತಿಗೆ, ಪೋರ್ಚುಗೀಸರ ಹಡಗುಗಳ ದಾರಿಯಲ್ಲಿ. ಅಮೆರಿಕದ ಎಲೆ, ಬೇರೆಡೆಯ ಸತು, ಬೀದರ್‌ನ ಮಣ್ಣು ಒಂದೇ ಹುಕ್ಕಾದಲ್ಲಿ ಸೇರಿದವು.

ಈ ವಸ್ತು ಬಳಕೆಯಿಂದ ಜಾರಿ ನೆನಪಿನ ಕಾಣಿಕೆಯಾದದ್ದು 19ನೇ ಶತಮಾನದಲ್ಲಿ. ಕಂಪನಿಯ ಕೆಲಸದಲ್ಲಿದ್ದ ಬೆಂಜಮಿನ್ ಹೇಯ್ನ್ ಬಿದ್ರಿ ತಯಾರಿಯ ವಿವರವನ್ನು 1814ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಬರೆದ. 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಬಿದ್ರಿ ವಸ್ತುಗಳನ್ನು ಜನ ನೋಡಿದರು. ಇತ್ತ ಮನೆಗಳಲ್ಲಿ ಹುಕ್ಕಾದ ಜಾಗಕ್ಕೆ ಸಿಗರೇಟು ಬಂತು, ಪಾನ್‌ದಾನಿನ ಜಾಗಕ್ಕೆ ಅಗ್ಗದ ತಗಡಿನ ಡಬ್ಬಿಗಳು ಬಂದವು. ಕಾರಿಗರ ಕೈಕಟ್ಟಿ ಕೂರಲಿಲ್ಲ. ಹುಕ್ಕಾ ಹೋದರೆ ಬೂದಿಬಟ್ಟಲು, ಸಿಗರೇಟಿನ ಪೆಟ್ಟಿಗೆ, ಅಂಗಿಯ ಗುಂಡಿ ಮಾಡಿದ. ಸಿಗರೇಟೂ ಮನೆಯಿಂದ ಹೊರಬಿದ್ದ ಮೇಲೆ ಪೆನ್ನಿನ ಸ್ಟ್ಯಾಂಡು, ಕೀಲಿ ಗೊಂಚಲು, ಸರ್ಕಾರಿ ಸಮಾರಂಭಗಳ ಸ್ಮರಣಿಕೆ ಮಾಡಿದ.

ಪಾನ್‌ದಾನ್ ಮಾಡಿದವನಿಗೂ ಅದನ್ನು ಬಳಸಿದವರಿಗೂ ಎಲೆ ಎಷ್ಟು, ಸುಣ್ಣ ಎಲ್ಲಿ, ಮುಚ್ಚಳ ಎಷ್ಟು ಬಿಗಿ ಎಂಬುದು ಒಂದೇ ತೆರನಾಗಿ ಗೊತ್ತಿತ್ತು. ಕೆಲಸ ಸರಿಯಿಲ್ಲದಿದ್ದರೆ ತಕರಾರು ಮಾಡಲು ಬಳಸುವವರಿಗೆ ತಿಳಿವಳಿಕೆ ಇತ್ತು. ನೆನಪಿಗೆಂದು ಕೊಳ್ಳುವ ನಮಗೆ ಆ ತಿಳಿವಳಿಕೆ ಇಲ್ಲ. ಕಪಾಟಿನಲ್ಲಿ ಕೂರುವ ಡಬ್ಬಿ ಕಪ್ಪಗಿದ್ದರೆ ಸಾಕು, ಬೆಳ್ಳಗೆ ಮಿಂಚಿದರೆ ಸಾಕು. ನಕಲು ಮಾಲಿಗೆ ಬಾಗಿಲು ತೆರೆದದ್ದು ಅಲ್ಲಿಂದಲೇ.

ಹೆಸರು ಯಾರದು?

ಬೀದರ್ ಹೈದರಾಬಾದ್ ರಸ್ತೆ ಮೊದಲು ಎರಡು ರಾಜ್ಯಗಳ ನಡುವಿನ ರಸ್ತೆಯಾಗಿರಲಿಲ್ಲ. 1724ರ ನಂತರ ಎರಡೂ ಅಸಫ್‌ಜಾಹಿ ಆಳ್ವಿಕೆಯ ಊರುಗಳೇ. ಬೀದರ್, ಕಲಬುರಗಿ, ರಾಯಚೂರಿನ ಕನ್ನಡಿಗರಿಗೆ ಹೈಕೋರ್ಟು, ದೊಡ್ಡ ಆಸ್ಪತ್ರೆ, ವಿಶ್ವವಿದ್ಯಾಲಯ, ಮದುವೆಯ ಸಂತೆ ಎಲ್ಲವೂ ಹೈದರಾಬಾದೇ ಆಗಿತ್ತು. 1932ರಲ್ಲಿ ನಿಜಾಂ ರೈಲ್ವೆಯ ರಸ್ತೆ ಸಾರಿಗೆ ವಿಭಾಗ 27 ಬಸ್ಸುಗಳೊಂದಿಗೆ ಶುರುವಾಯಿತು. ಊರುಗಳು ಹತ್ತಿರವಾದಷ್ಟೂ ಬಜಾರೂ ಹತ್ತಿರವಾಯಿತು.

1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. 1956ರ ನವೆಂಬರ್ 1ರಂದು ಅದು ಭಾಷೆಯ ಲೆಕ್ಕದಲ್ಲಿ ಮೂರು ಹೋಳಾಯಿತು. ಬೀದರ್ ಜಿಲ್ಲೆಯೇ ಮೂರು ಪಾಲಾಯಿತು: ಉದಗೀರ್, ಅಹ್ಮದ್‌ಪುರ, ನಿಲಂಗಾ ಮರಾಠಿ ಸೀಮೆಗೆ, ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗ ಆಂಧ್ರಕ್ಕೆ, ಉಳಿದದ್ದು ನಮಗೆ. ಇಂದು ಬೀದರ್‌ನಿಂದ ಹೊರಟವರು ಹೈದರಾಬಾದಿನ ಹೆದ್ದಾರಿ ಹಿಡಿಯುವುದು ಒಂದು ಕಾಲಕ್ಕೆ ತಮ್ಮ ಜಿಲ್ಲೆಯೇ ಆಗಿದ್ದ ಜಹೀರಾಬಾದಿನಲ್ಲಿ. ಗಡಿ ಬಂತು, ವ್ಯಾಪಾರದ ದಾರಿ ಬದಲಾಗಲಿಲ್ಲ. ರಾಜಧಾನಿ ಬೆಂಗಳೂರು ಏಳುನೂರು ಕಿಲೋಮೀಟರ್ ಆಚೆ, ಹೈದರಾಬಾದ್ ಮೂರು ತಾಸಿನ ದಾರಿ. ಕಾರಿಗರ ತನ್ನ ಚೀಲ ಹೊತ್ತು ಯಾವ ಬಸ್ಸು ಹತ್ತುತ್ತಾನೆ ಎಂಬುದಕ್ಕೆ ಭೂಪಟ ನೋಡಿದರೆ ಸಾಕು.

ಹೀಗೆ ಹೈದರಾಬಾದಿನಲ್ಲಿ ಕೊಂಡದ್ದು ಹೈದರಾಬಾದಿನದೇ ಆಗಿ ದೇಶದ ಮನೆಗಳಿಗೆ ಹೋಯಿತು. ಮಾರುಕಟ್ಟೆಗಳ ಸ್ವಭಾವವೇ ಅದು, ತಾವು ಮಾರಿದ್ದಕ್ಕೆ ತಮ್ಮ ಹೆಸರಿಡುತ್ತವೆ. ಆದರೂ ಬಿದ್ರಿಯ ಮಟ್ಟಿಗೆ ಒಂದು ವಿಶೇಷವಿದೆ. ಈ ವಿದ್ಯೆ ಲಖನೌ, ಮುರ್ಷಿದಾಬಾದ್, ಬಿಹಾರದ ಪೂರ್ಣಿಯಾಗಳಿಗೂ ಹಬ್ಬಿತ್ತು. ಅಲ್ಲಿ ಮಾಡಿದ್ದಕ್ಕೂ ಜನ ಬಿದ್ರಿ ಎಂದೇ ಕರೆದರು. ಊರು ಬಿಟ್ಟು ಹೋದ ಕೆಲಸ ಊರಿನ ಹೆಸರನ್ನು ಬಿಡಲಿಲ್ಲ. ಅಂಗಡಿಕಾರರ “ಹೈದರಾಬಾದಿ ಬಿದ್ರಿ” ಎಂಬ ಎರಡು ಪದಗಳಲ್ಲಿ ಮೊದಲನೆಯದು ಮಾರಿದ ಊರು, ಎರಡನೆಯದು ಹುಟ್ಟಿದ ಊರು.

ಹಾಗೆಂದು ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ಹೈದರಾಬಾದಿನಲ್ಲೇ ಕೂತು ಬಿದ್ರಿ ಮಾಡುವ ಕಾರಿಗರರು ಇದ್ದಾರೆ, ಹಳೆಯ ಕಾಲದಿಂದಲೂ ಇದ್ದಾರೆ. ಅವರಿಗೂ ಬೇಕಾಗುವುದು ಬೀದರ್ ಕೋಟೆಯ ಮಣ್ಣು. ಬಿದ್ರಿಗೆ 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. 2023ರಲ್ಲಿ ಬೀದರ್‌ನ ಕಾರಿಗರ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಹೆಸರಿಗೆ ಕಾನೂನಿನ ಬೇಲಿ ಬಂದದ್ದು ಒಳ್ಳೆಯದೇ. ಆದರೆ ಬೇಗಂ ಬಜಾರಿನ ಮೂರಡಿ ಅಂಗಡಿಯಲ್ಲಿ, ಒಬ್ಬ ಗಿರಾಕಿ ಮತ್ತು ಒಬ್ಬ ಅಂಗಡಿಕಾರನ ನಡುವೆ ಆ ಬೇಲಿ ಕಾಯುವವರು ಯಾರೂ ನಿಂತಿರುವುದಿಲ್ಲ.

ನೂರೈವತ್ತು ರೂಪಾಯಿ

ಮತ್ತೆ ಅಂಗಡಿಗೆ. ಅಕ್ಕನ ಕೈಯಲ್ಲಿದ್ದ ಡಬ್ಬಿಗೆ 1,800 ರೂಪಾಯಿ ಹೇಳಿದರು. ಅಷ್ಟೇ ದೊಡ್ಡದಾದ ಇನ್ನೊಂದಕ್ಕೆ 400. ಎರಡೂ ಕಪ್ಪು, ಎರಡರ ಮೇಲೂ ಬೆಳ್ಳಿ ಬಳ್ಳಿ. ಅಕ್ಕ ಸಹಜವಾಗಿಯೇ ಎರಡನೆಯದರ ಕಡೆ ಕೈ ಚಾಚಿದಳು.

ಅಕ್ಕನ ಮಗ ಎರಡನ್ನೂ ಒಂದೊಂದು ಅಂಗೈಯಲ್ಲಿಟ್ಟು ತೂಗಿದ. ನಿನ್ನೆ ಬೀದರ್‌ನಲ್ಲಿ ಕಲಿತ ಮೊದಲ ಪಾಠ ಅದು. ಸತು ಅಲ್ಯೂಮಿನಿಯಂಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ತೂಕದ ಲೋಹ. ಅಗ್ಗದ ಡಬ್ಬಿ ಕಡ್ಡಿಪೆಟ್ಟಿಗೆಯಂತೆ ಹಗುರವಾಗಿತ್ತು. ಮುಚ್ಚಳ ತೆಗೆದರೆ ಅಂಚಿನಲ್ಲಿ ಕಪ್ಪು ಬಣ್ಣದ ಹೊಪ್ಪಳೆ ಎದ್ದು ಕೆಳಗೆ ಬಿಳಿ ಲೋಹ ಇಣುಕುತ್ತಿತ್ತು. ಬೆಳ್ಳಿಯ ಬಳ್ಳಿ ಮೇಲೆ ಒತ್ತಿದ ಚಿತ್ರ. ಇನ್ನೊಂದರಲ್ಲಿ ತಂತಿ ಲೋಹದೊಳಗೇ ಕೂತಿತ್ತು. ಬಳ್ಳಿಯ ಎಡ ಎಲೆ ಬಲ ಎಲೆಗಿಂತ ಕೂದಲಿನಷ್ಟು ದಪ್ಪವಿತ್ತು. ಕೈಯಲ್ಲಿ ಬಿಡಿಸಿದ್ದಕ್ಕೆ ಗುರುತು ಅದು.

“ಯೇ ಬಿದ್ರಿ ಹೈ ಕ್ಯಾ?” ಎಂದು ಅಗ್ಗದ ಡಬ್ಬಿ ತೋರಿಸಿ ಕೇಳಿದೆ.

ಅವರು ಒಂದು ಕ್ಷಣ ನನ್ನನ್ನೇ ನೋಡಿ, “ಬಿದ್ರಿ ಟೈಪ್” ಎಂದರು. ಆಮೇಲೆ ಸ್ಟೂಲು ಎಳೆದು ಕೂತು ಮಾತಿಗಿಳಿದರು. ಅಸಲಿ ಮಾಲು ತರುವ ಹುಡುಗ ಬೀದರ್‌ನಿಂದ ಬಸ್ಸಿನಲ್ಲಿ ಬರುತ್ತಾನೆ. ಬೆಳ್ಳಿಯ ದರ ಏರಿದಾಗಲೆಲ್ಲ ಅವನು ದರ ಏರಿಸುತ್ತಾನೆ, ಅವನದೂ ತಪ್ಪಲ್ಲ. ಗಿರಾಕಿ ಅಸಲಿಯದನ್ನು ಅರ್ಧ ಗಂಟೆ ಚೌಕಾಸಿ ಮಾಡಿ, ಕೊನೆಗೆ ಟೈಪ್‌ನದನ್ನು ಹತ್ತು ಕಟ್ಟಿಸಿಕೊಂಡು ಹೋಗುತ್ತಾನೆ. “ನಾನು ಎರಡನ್ನೂ ಇಡುತ್ತೇನೆ. ಕೇಳಿದವರಿಗೆ ಹೇಳುತ್ತೇನೆ. ಕೇಳುವವರೇ ಇಲ್ಲ” ಎಂದರು ತಮ್ಮ ಹಿಂದಿಯಲ್ಲಿ. ಕೇಳದಿದ್ದರೆ ಎರಡನ್ನೂ ಬಿದ್ರಿ ಎಂದೇ ಮಾರುತ್ತಾರೆ ಎಂಬುದು ಆ ಮಾತಿನಲ್ಲೇ ಇತ್ತು. ನನಗೆ ಸಿಟ್ಟು ಬರಬೇಕಿತ್ತು. ಬೀದರ್‌ನ ಗಲ್ಲಿಯಲ್ಲಿ ಪಿಸುಗುಟ್ಟಿದ್ದು ನೆನಪಾಗಿ ಸುಮ್ಮನಾದೆ.

ಅಸಲಿ ಡಬ್ಬಿ ಮಾಡಿದವರ ಹೆಸರು ಕೇಳಿದೆ. ಅವರಿಗೆ ಹುಡುಗನ ಹೆಸರು ಗೊತ್ತಿತ್ತು, ಡಬ್ಬಿ ಕೊರೆದವನದು ಗೊತ್ತಿರಲಿಲ್ಲ. ಬುಡ ತಿರುವಿ ನೋಡಿದೆವು. ಎಲ್ಲೂ ಗುರುತಿಲ್ಲ. ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ಕಂಡ ಫಲಕಗಳಲ್ಲೂ ಊರು, ಶತಮಾನ ಇದ್ದವು, ಮಾಡಿದವನ ಹೆಸರು ನನ್ನ ಕಣ್ಣಿಗೆ ಬೀಳಲಿಲ್ಲ.

ಅಕ್ಕ ಚೌಕಾಸಿ ಬಿಡುವವಳಲ್ಲ. ನಮ್ಮ ಮನೆಯಲ್ಲಿ ಅದು ಸಂಸ್ಕಾರವೇ. 1,800 ಹೋಗಿ 1,650ಕ್ಕೆ ನಿಂತಿತು. ಆ ನೂರೈವತ್ತು ರೂಪಾಯಿ ಯಾರ ಪಾಲಿನಿಂದ ಹೋಗುತ್ತದೆ ಎಂದು ಲೆಕ್ಕ ಹಾಕುತ್ತ ನಿಂತೆ. ಬಾಡಿಗೆ ಕಟ್ಟುವ ಅಂಗಡಿಕಾರರದೋ, ಬಸ್ಸಿನಲ್ಲಿ ಬರುವ ಹುಡುಗನದೋ, ಬೆಳ್ಳಿ ವ್ಯಾಪಾರಿಯದೋ? ಬೆಳ್ಳಿಗೆ ಪೇಟೆಯ ದರವಿದೆ, ಬಸ್ಸಿಗೆ ಟಿಕೆಟ್ ಇದೆ, ಅಂಗಡಿಗೆ ಬಾಡಿಗೆ ಚೀಟಿ ಇದೆ. ನಿಗದಿತ ದರವಿಲ್ಲದ್ದು ಕೊರೆದ ಕೈಗೆ ಮಾತ್ರ. ಹೊರಬಂದ ಮೇಲೆ ಅಕ್ಕನಿಗೆ ಇದನ್ನು ಹೇಳಿದೆ. “ಒಳಗ ಇದ್ದಾಗ ಹೇಳಬೇಕಿತ್ತಪಾ” ಎಂದಳು. ಅವಳ ಮಾತೂ ಸರಿಯೇ.

ಹನ್ನೊಂದು ಹೆಸರುಗಳ ಪಟ್ಟಿಯಲ್ಲಿ ಬಿದ್ರಿ ಸಿಕ್ಕಿದ್ದು ಒಬ್ಬರಿಗೆ ಮಾತ್ರ. ಉಳಿದ ಹತ್ತು ಮಂದಿಗೆ ಬಿಸ್ಕತ್ತು, ಗೋಡಂಬಿ. ಗಿಡಕ್ಕೆ ನೀರು ಹಾಕಿದ ಹುಡುಗಿಗೆ ಡಬ್ಬಿ ಕೊಡಬೇಕೆಂದು ತೀರ್ಮಾನಿಸಿದ್ದು ಅಕ್ಕನೇ. ಧಾರವಾಡ ಮುಟ್ಟಿದ ಮರುದಿನ ಅದನ್ನು ಅವಳ ಕೈಗಿಟ್ಟು, ಕಪ್ಪು ಮಾಸಿದರೆ ಎರಡು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಮೆತ್ತನೆಯ ಬಟ್ಟೆಯಿಂದ ಒರೆಸಬೇಕೆಂದೂ, ಹುಣಸೆಹಣ್ಣು ಹಾಕಿ ತಿಕ್ಕಬಾರದೆಂದೂ ಹೇಳಿದಳು.

“ಹೈದರಾಬಾದಿಂದು ಏನ್ರೀ?” ಎಂದು ಹುಡುಗಿ ಕೇಳಿದಳು.

“ಬೀದರಿಂದು,” ಎಂದ ಅಕ್ಕನ ಮಗ. “ತಗೊಂಡಿದ್ದು ಹೈದರಾಬಾದಿನಾಗ.”